ಕಾಡಿನ ರಸ್ತೆಯಲ್ಲಿ ಸೈಕಲ್: ಮೊದಲು ಕಿವಿ, ಆಮೇಲೆ ಕಾಲು

(ಶಿರಸಿಯಲ್ಲಿ ಸೈಕಲ್ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ ಇದು. ಮಾತಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡಿನೊಳಗೆ ಸೈಕಲ್ ಓಡಿಸೋಕೆ ಯಾವ ರಸ್ತೆ ಚೆನ್ನಾಗಿದೆ, ಗದ್ದಲ ಕಡಿಮೆ ಎಲ್ಲಿ ಅಂತ ಹೇಳೋಕೆ ನನ್ನನ್ನು ಕರೆದಿದ್ದೀರಿ. ಹೇಳ್ತೇನೆ. ಆದರೆ ಅದಕ್ಕೂ ಮೊದಲು ಒಂದು ಘಟನೆ ಹೇಳಬೇಕು, ಯಾಕೆಂದರೆ ನಾನು ಈ ರಸ್ತೆಗಳಲ್ಲಿ ಹೋಗುವ ರೀತಿ ಬದಲಾಗಿದ್ದೇ ಅದರಿಂದ.

ಒಂದು ಜನವರಿ ಸಂಜೆ. ಅಣಶಿಯಿಂದ ಕದ್ರಾ ಕಡೆ ಘಟ್ಟ ಇಳಿಯುತ್ತಿದ್ದೆ. ನಾಲ್ಕೂವರೆ ಆಗಿರಬೇಕು. ಬೆಳಗ್ಗೆಯಿಂದ ಹತ್ತಿ ಹತ್ತಿ ಕಾಲು ಸೋತಿತ್ತು, ಈಗ ಇಳಿಜಾರು ಸಿಕ್ಕಿದೆ, ಗಾಳಿ ಮುಖಕ್ಕೆ ಬಡಿಯುತ್ತಿದೆ, ಬ್ರೇಕ್ ಮುಟ್ಟೋಕೂ ಮನಸ್ಸಿಲ್ಲ. ಬಿದಿರು ಬಾಗಿದ್ದ ಒಂದು ತಿರುವಿನಲ್ಲಿ ಹೊರಳಿದೆ, ರಸ್ತೆ ನಡುವೆ ಕಾಟಿ, ಅಂದರೆ ಕಾಡುಕೋಣ. ಮೊದಲು ಕಂಡಿದ್ದು ಕಾಲು. ಮೊಣಕಾಲಿನಿಂದ ಕೆಳಗೆ ಬಿಳಿ, ಮೇಲೆ ಕಪ್ಪು ಗೋಡೆ. ಹಿಂದಿನ ಚಕ್ರ ಜಾರಿತು, ಎಡಕ್ಕೆ ಬಿದ್ದೆ, ಮೊಣಕೈ ಚರ್ಮ ತರಚಿಹೋಯಿತು. ಎದ್ದೇಳಲಿಲ್ಲ. ಅದು ಒಮ್ಮೆ ಬುಸ್ ಅಂತ ಉಸಿರು ಬಿಟ್ಟಿತು, ಆ ಉಸಿರಿನ ಸದ್ದು ಎಷ್ಟು ಹತ್ತಿರ ಇತ್ತು ಅಂದರೆ ನನ್ನ ಎದೆಬಡಿತ ಯಾವುದು, ಅದರ ಉಸಿರು ಯಾವುದು ಅಂತ ಗೊತ್ತಾಗಲಿಲ್ಲ. ಅದರ ಹಿಂದೆ ಕೆಂಚು ಬಣ್ಣದ ಒಂದು ಕರು. ಕರು ರಸ್ತೆ ದಾಟಿ ಕೆಳಗಿನ ಕಾಡಿಗೆ ಇಳಿಯುವವರೆಗೂ ತಾಯಿ ನನ್ನನ್ನು ನೋಡುತ್ತಲೇ ನಿಂತಿತ್ತು. ಆಮೇಲೆ ಹೋಯಿತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಧಾರವಾಡ ಕಡೆಯ ಒಂದು ಸಾರಿಗೆ ಬಸ್ಸು ಬಂತು. ಡ್ರೈವರ್ ಬಸ್ಸು ನಿಲ್ಲಿಸಿ ಕೆಳಗಿಳಿದು ಬಂದರು, ನೀರು ಕೊಟ್ಟರು, ಆಗಿದ್ದನ್ನು ಕೇಳಿದರು. ಆಮೇಲೆ ಹೇಳಿದ ಮಾತು ಇದು: 'ನಮ್ಮ ಬಸ್ಸಿನ ಸಪ್ಪಳ ಅದಕ್ಕ ಗೊತ್ತದ ರೀ ಸರ್. ದೂರದಿಂದನ ಕೇಳಿ ಸರಕೋತದ. ನೀವು ಬಂದದ್ದು ಅದಕ್ಕ ಹೆಂಗ ಗೊತ್ತಾಗಬೇಕು?'

ಇದು ನನಗೆ ಹೊಳೆದೇ ಇರಲಿಲ್ಲ. ಸೈಕಲ್ ಅಂದರೆ ಸದ್ದಿಲ್ಲದ್ದು, ಹೊಗೆ ಇಲ್ಲದ್ದು, ಕಾಡಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ ಅಂತಲೇ ನಂಬಿದ್ದೆ. ಏರುವಾಗ ಅದು ನಿಜ. ಇಳಿಯುವಾಗ ಅಲ್ಲ. ಗಂಟೆಗೆ 45 ಕಿ.ಮೀ. ವೇಗದಲ್ಲಿ, ಒಂದಿಷ್ಟೂ ಸದ್ದು ಮಾಡದೆ, ತಿರುವಿನಲ್ಲಿ ಧುತ್ತನೆ ಎದುರಾಗುವ ವಸ್ತು ಕಾಡಿನ ಪ್ರಾಣಿಗೆ ಗೊತ್ತಿರೋದು ಒಂದೇ: ಬೇಟೆಗೆ ಬಂದ ಪ್ರಾಣಿ. ಹಾಗಾಗಿ ನಾನು ಇವತ್ತು ಹೇಳೋ ರಸ್ತೆಗಳನ್ನೆಲ್ಲ ಈ ಒಂದು ಲೆಕ್ಕದಲ್ಲೇ ಆರಿಸಿದ್ದೇನೆ. ನಿಮಗೆ ಕಾಡು ಕೇಳಿಸಬೇಕು, ಕಾಡಿಗೆ ನೀವು ಕೇಳಿಸಬೇಕು. ಎರಡೂ ಆಗುವ ರಸ್ತೆ, ಎರಡೂ ಆಗುವ ಹೊತ್ತು, ಎರಡೂ ಆಗುವ ವೇಗ.

ಮೊದಲು ಕಾರವಾರದಿಂದ ಅಣಶಿ. ನನ್ನ ಮಟ್ಟಿಗೆ ಜಿಲ್ಲೆಯಲ್ಲೇ ಇದಕ್ಕೆ ಸಮನಾದ ರಸ್ತೆ ಇಲ್ಲ.

ಕಾಳಿ ನದಿಯ ಎರಡೂ ದಂಡೆಯಲ್ಲಿ ರಸ್ತೆ ಇದೆ. ಕಾರವಾರ ಪೇಟೆ ಕಡೆಯಿಂದ ಒಂದು, ಸದಾಶಿವಗಡ ಕಡೆಯಿಂದ ಹಣಕೋಣ ದಾಟಿ ಹೋಗೋದು ಇನ್ನೊಂದು. ಎರಡೂ ಕದ್ರಾ ಕಡೆಗೇ ಕರೆದುಕೊಂಡು ಹೋಗುತ್ತವೆ. ಪೇಟೆ ಕಡೆಯ ರಸ್ತೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ, ಅದರ ನೌಕರರಿರುವ ಮಲ್ಲಾಪುರದ ಓಡಾಟ ಇರುತ್ತದೆ, ಪಾಳಿ ಬದಲಾಗುವ ಹೊತ್ತಿಗೆ ಬಸ್ಸುಗಳು ಸಾಲಾಗಿ ಬರುತ್ತವೆ. ನಾನು ಸದಾಶಿವಗಡದ ಕಡೆಯದ್ದನ್ನೇ ಹಿಡಿಯುತ್ತೇನೆ. ಆದರೆ ಅದಕ್ಕೆ ಕಾಳಿ ಸೇತುವೆ ದಾಟಬೇಕು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ನದಿಗೆ ಕುಸಿದುಬಿದ್ದಿದ್ದು ನಿಮಗೆಲ್ಲ ನೆನಪಿದೆ. ಅದಾದ ಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆ ಮೇಲೇ ಓಡಾಡೋದು. ಲಾರಿಗಳ ನಡುವೆ ಸೈಕಲ್ ಸಿಕ್ಕಿಕೊಳ್ಳುತ್ತದೆ. ಬೆಳಗಿನ ಆರು ಗಂಟೆಗೇ ಸೇತುವೆ ದಾಟಿಬಿಡಿ. ಆ ಹೊತ್ತಿಗೆ ಅಳಿವೆ ಮೇಲೆ ಮಂಜು ಇರುತ್ತದೆ, ದೋಣಿಗಳು ಅರ್ಧ ಮಾತ್ರ ಕಾಣುತ್ತವೆ. ದೀಪ ಹಾಕಿಕೊಂಡೇ ಹೋಗಿ, ಹಿಂದಿನ ಕೆಂಪು ದೀಪ ಕಡ್ಡಾಯ.

ಕದ್ರಾವರೆಗೆ ಏರು ಅಂಥದ್ದೇನಿಲ್ಲ. ಹೊಳೆ, ಗದ್ದೆ, ತೆಂಗಿನ ತೋಟ, ಅಲ್ಲಲ್ಲಿ ಒಂದು ಅಂಗಡಿ. ನಿಜವಾದ ರಸ್ತೆ ಶುರುವಾಗೋದು ಕದ್ರಾ ಆಣೆಕಟ್ಟೆ ದಾಟಿದ ಮೇಲೆ. ಅಲ್ಲಿಂದ ಘಟ್ಟ. ಎರಡೂ ಕಡೆ ಕಾಡು ಒತ್ತಿಕೊಂಡು ಬರುತ್ತದೆ, ಮೊಬೈಲಿಗೆ ಸಿಗ್ನಲ್ ಹೋಗುತ್ತದೆ, ಅಣಶಿ ಬರೋವರೆಗೆ ಅಂಗಡಿ ನಂಬಿಕೊಂಡು ಹೋಗಬೇಡಿ. ಎರಡು ಬಾಟಲಿ ನೀರು ಕದ್ರಾದಲ್ಲೇ ತುಂಬಿಕೊಳ್ಳಿ. ತಿನ್ನೋಕೆ ನಾನು ಅವಲಕ್ಕಿ ಉಂಡೆ ಇಟ್ಟುಕೊಳ್ಳುತ್ತೇನೆ, ಬಾಳೆಹಣ್ಣು ಇಟ್ಟುಕೊಳ್ಳಲ್ಲ, ಮಂಗಗಳಿಗೆ ಚೀಲ ನೋಡಿದರೇ ಗೊತ್ತಾಗುತ್ತದೆ.

ಏರುವಾಗ ಸೈಕಲ್ ವೇಗ ಗಂಟೆಗೆ ಏಳೆಂಟು ಕಿ.ಮೀ. ಅಷ್ಟೇ. ನಡೆಯೋದಕ್ಕಿಂತ ಸ್ವಲ್ಪ ಜಾಸ್ತಿ. ಇದೇ ಈ ರಸ್ತೆಯ ಭಾಗ್ಯ. ಕಾರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಘಟ್ಟಕ್ಕೆ ನಿಮಗೆ ಒಂದು ಇಡೀ ಬೆಳಗು ಸಿಗುತ್ತದೆ. ಮೊದಲು ನಿಮ್ಮ ಉಸಿರು ಮಾತ್ರ ಕೇಳುತ್ತದೆ. ಒಂದೆರಡು ಕಿ.ಮೀ. ಆದ ಮೇಲೆ ಉಸಿರಾಟ ಒಂದು ಹದಕ್ಕೆ ಬರುತ್ತದೆ, ಆಗ ಉಳಿದದ್ದು ಕೇಳಿಸೋಕೆ ಶುರುವಾಗುತ್ತದೆ. ನೆತ್ತಿ ಮೇಲೆ ಯಾರೋ ಗೋಣಿಚೀಲ ಕೊಡವಿದ ಹಾಗೆ ಸದ್ದು ಬಂದರೆ ನಿಲ್ಲಿ, ಮೇಲೆ ನೋಡಿ, ಅದು ಮಂಗಟ್ಟೆ ಹಕ್ಕಿ. ಅದರ ರೆಕ್ಕೆಯ ಸದ್ದೇ ಹಾಗೆ. ಒಮ್ಮೆ ಕೇಳಿದರೆ ಸಾಯೋವರೆಗೆ ಮರೆಯಲ್ಲ. ಬೇಸಿಗೆ ಕಾಲಕ್ಕೆ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಮೊಟ್ಟೆ ಇಟ್ಟು ಮರಿ ಆಗೋವರೆಗೆ ಗಂಡು ಹಣ್ಣು ತಂದು ತಂದು ಆ ಸೀಳಿನಲ್ಲಿ ಕೊಡಬೇಕು. ಅದು ಬಂದು ಹೋಗುವ ಮರ ಕಣ್ಣಿಗೆ ಬಿದ್ದರೆ ಅಲ್ಲಿ ಕ್ಯಾಮೆರಾ ಹಿಡಿದು ಕಾಯಬೇಡಿ. ನೀವು ಇರೋವರೆಗೆ ಅದು ಹತ್ತಿರ ಬರಲ್ಲ, ಒಳಗಿದ್ದವರು ಉಪವಾಸ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಈ ಘಟ್ಟ ಹತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮುಸುವ ಒಂದೇ ಸಮನೆ ಕೂಗುತ್ತಿದ್ದರೆ, ಕಾಡುಕುರಿ ಬೊಗಳಿದರೆ, ಮುಂದೆ ಏನೋ ಇದೆ ಅಂತ ಅರ್ಥ. ಹುಲಿ, ಚಿರತೆ, ಕಪ್ಪು ಚಿರತೆ ಎಲ್ಲ ಇರುವ ಕಾಡು ಇದು. ನಿಂತು, ಸದ್ದು ನಿಲ್ಲೋವರೆಗೆ ಕಾಯಿರಿ. ಹತ್ತು ನಿಮಿಷ ತಡ ಆದರೆ ಆಗಲಿ. ಹಾಗೆ ಕಾಯುವಾಗಲೇ ನಾನು ಕೆಂಜಳಿಲನ್ನು ಸರಿಯಾಗಿ ನೋಡಿದ್ದು.

ಈಗ ಆ ಕಾಡಿನ ಬಗ್ಗೆ ಎರಡು ಮಾತು. ದಾಂಡೇಲಿ ವನ್ಯಜೀವಿಧಾಮ ಆಗಿದ್ದು 1956ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನ ಆಮೇಲೆ ಬಂತು, 1987ರಲ್ಲಿ. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದಕ್ಕೆ ಕಾಳಿ ಅಂತ ಹೆಸರು. ಸಾರ್ವಜನಿಕ ರಸ್ತೆಯಲ್ಲಿ ನೀವು ಹಗಲಲ್ಲಿ ಹೋಗಬಹುದು. ಪಕ್ಕಕ್ಕೆ ಹೊರಳುವ ಮಣ್ಣಿನ ದಾರಿಗಳು ಹಾಗಲ್ಲ. ಅವು ಎಷ್ಟೇ ಚೆಂದ ಕಂಡರೂ, ಗೇಟು ತೆರೆದೇ ಇದ್ದರೂ, ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಮೌಂಟನ್ ಬೈಕ್ ಇದ್ದವರಿಗೆ ಈ ಮಾತು ಜಾಸ್ತಿ ಬೇಕು.

ಇನ್ನೊಂದು. ಈ ರಸ್ತೆ ಇಷ್ಟು ಖಾಲಿ ಯಾಕೆ ಅಂತ ಯೋಚಿಸಿದ್ದೀರಾ? ಅಣಶಿ ದಾಟಿ ಕುಂಬಾರವಾಡ, ಜೋಯಿಡಾ ಕಡೆ ಹೋದರೆ ಸೂಪಾ ಹಿನ್ನೀರು ಸಿಗುತ್ತದೆ. 101 ಮೀಟರ್ ಎತ್ತರದ ಆಣೆಕಟ್ಟೆ ಅದು. ಹಳೆಯ ಸೂಪಾ ಊರು ಆ ನೀರಿನ ಕೆಳಗಿದೆ. ಪೇಟೆ, ದೇವಸ್ಥಾನ, ಮನೆ ಎಲ್ಲ ಬಿಟ್ಟು ಜನ ರಾಮನಗರ ಕಡೆ ಹೋದರು, ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಹುಲಿ ಯೋಜನೆ ಬಂದ ಮೇಲೂ ಕಾಡಿನ ಒಳಗಿನ ಎಷ್ಟೋ ಮನೆಗಳು ಪರಿಹಾರ ತಗೊಂಡು ಹೊರಗೆ ಹೋಗಿವೆ. ನಾವು 'ಆಹಾ, ಎಷ್ಟು ಪ್ರಶಾಂತ' ಅಂತ ಹೊಗಳುವ ಮೌನದಲ್ಲಿ ಇದೆಲ್ಲ ಸೇರಿದೆ. ಇನ್ನೂ ಅಲ್ಲೇ ಇರುವ ಕುಣಬಿ, ಗೌಳಿ ಸಮುದಾಯದ ಮನೆಗಳಿಗೆ ಇರೋದು ಇದೊಂದೇ ರಸ್ತೆ. ಆಸ್ಪತ್ರೆಗೆ, ಸಂತೆಗೆ, ಮಕ್ಕಳ ಶಾಲೆಗೆ. ಹತ್ತು ಜನ ಗುಂಪಾಗಿ ರಸ್ತೆ ತುಂಬ ಹರಡಿಕೊಂಡು ಹೋಗೋದು, ಬಸ್ಸು ಹಾರ್ನ್ ಹೊಡೆದರೆ ಮುಖ ಸಿಂಡರಿಸೋದು ಇದೆಯಲ್ಲ, ಅದು ನನಗೆ ತುಂಬ ಬೇಜಾರಾಗುವ ವಿಷಯ. ಬಸ್ಸು ಬಂದರೆ ಕೆಳಗಿಳಿದು ನಿಂತು ದಾರಿ ಬಿಡಿ. ಜೋಯಿಡಾದಲ್ಲಿ ಚಳಿಗಾಲಕ್ಕೆ ಕುಣಬಿ ಹೆಂಗಸರು ಮುಡ್ಲಿ ಗಡ್ಡೆ, ಗೆಣಸು ಮಾರೋಕೆ ತರುತ್ತಾರೆ. ಒಂದು ಕಿಲೋ ಚೀಲಕ್ಕೆ ಹಾಕಿಕೊಂಡು ಬನ್ನಿ. ಮುಡ್ಲಿ ಹುಳಿ ಮಾಡಿ ತಿಂದವರಿಗೆ ಅದರ ರುಚಿ ಗೊತ್ತು.

ಕಾರವಾರದಿಂದ ಜೋಯಿಡಾ 80 ಕಿ.ಮೀ.ಗೂ ಜಾಸ್ತಿ. ಒಂದೇ ದಿನ ಹೋಗಿ ಬರ್ತೇನೆ ಅಂದರೆ ವಾಪಸ್ ಬರುವಾಗ ಅಣಶಿ ಘಟ್ಟದಲ್ಲಿ ಸಂಜೆ ಆಗುತ್ತದೆ, ನನಗೆ ಆದ ಹಾಗೆ. ಕಾಟಿ, ಜಿಂಕೆ ಎಲ್ಲ ರಸ್ತೆಗೆ ಬರೋ ಹೊತ್ತು ಅದು. ಅಣಶಿಗೆ ಹತ್ತು ಗಂಟೆಗೆ ಮುಟ್ಟಿ, ಮಧ್ಯಾಹ್ನ ಎರಡರೊಳಗೆ ಘಟ್ಟ ಇಳಿದು ಕದ್ರಾದಲ್ಲಿ ಊಟ ಮಾಡಿ. ಅಥವಾ ಜೋಯಿಡಾದಲ್ಲೇ ಉಳಿಯಿರಿ, ಹೋಮ್‌ಸ್ಟೇಗಳಿವೆ.

ಇನ್ನು ಇಳಿಯೋದು. ಇದಕ್ಕೆ ನಾನು ಈಗ ಮೂರು ಕೆಲಸ ಮಾಡ್ತೇನೆ. ಹ್ಯಾಂಡಲ್‌ಗೆ ಹಳೆಯ ಕಾಲದ ಹಿತ್ತಾಳೆ ಗಂಟೆ ಹಾಕಿಸಿದ್ದೇನೆ, ಪ್ರತಿ ಕುರುಡು ತಿರುವಿಗೂ ಎರಡು ಸಲ ಟ್ರಿಣ್ ಟ್ರಿಣ್. ಹಾರ್ನ್ ಅಲ್ಲ, ಗಂಟೆ. ಅದರ ಸದ್ದಿಗೆ ಪ್ರಾಣಿ ಹೆದರಿ ಓಡಲ್ಲ, ತಲೆ ಎತ್ತಿ ನೋಡುತ್ತದೆ, ಸರಿಯುತ್ತದೆ. ವೇಗ 25 ದಾಟಿಸಲ್ಲ. ಮತ್ತೆ, ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಲ್ಲ, ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯುತ್ತೇನೆ. ರಿಮ್ ಬ್ರೇಕ್ ಇರುವ ಸೈಕಲ್ ಆದರೆ ಅರ್ಧ ಘಟ್ಟದಲ್ಲಿ ನಿಂತು ರಿಮ್ ಹತ್ತಿರ ಕೈ ಹಿಡಿದು ನೋಡಿ. ಸುಡುವಷ್ಟು ಬಿಸಿ ಆಗಿರುತ್ತದೆ. ಆ ಬಿಸಿಗೆ ಟ್ಯೂಬ್ ಒಡೆದವರಿದ್ದಾರೆ. ತಣ್ಣಗಾಗಲಿ ಬಿಡಿ. ಬ್ರೇಕಿನ ರಬ್ಬರ್ ಮನೆಯಿಂದ ಹೊರಡೋಕೆ ಮೊದಲೇ ನೋಡಿಕೊಳ್ಳಿ, ನಾನು ಅವತ್ತು ಬಿದ್ದಿದ್ದಕ್ಕೆ ಸವೆದ ರಬ್ಬರೂ ಕಾರಣ.

ಈಗ ನಮ್ಮ ಶಿರಸಿ ಕಡೆ ಬರೋಣ. ಶಿರಸಿ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 600 ಮೀಟರ್ ಮೇಲಿದೆ, ಕುಮಟಾ ಸಮುದ್ರದ ದಡ. ನಡುವೆ ಎಷ್ಟೋ ಘಟ್ಟಗಳು. ಎಲ್ಲರೂ ಹೋಗೋದು ದೇವಿಮನೆ ಘಟ್ಟ. ಚೆಂದದ ಘಟ್ಟವೇ, ಆದರೆ ಅದು ಹೆದ್ದಾರಿ, ಕೆಲವು ವರ್ಷಗಳಿಂದ ಅಗಲ ಮಾಡುವ ಕೆಲಸ ನಡೆದು ಮೊದಲಿನ ನೆರಳು ಎಷ್ಟೋ ಕಡೆ ಹೋಗಿದೆ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟಕ್ಕೆ ಸೈಕಲ್ ತಗೊಂಡು ಹೋಗಲೇಬೇಡಿ, ಅಲ್ಲಿ ಲಾರಿಗಳದ್ದೇ ರಾಜ್ಯ. ಹೊನ್ನಾವರದಿಂದ ಮಾವಿನಗುಂಡಿಗೆ ಹತ್ತುವ ದಾರಿಯಲ್ಲಿ ಕತ್ತಲೆಕಾನು ಇದೆ, ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು, ಇರುವ ಬಹಳ ಹಳೆಯ ಕಾಡು, ಸಿಂಗಳೀಕಗಳ ಮನೆ. ಅದನ್ನು ನೋಡಲೇಬೇಕು. ಆದರೆ ರಸ್ತೆ ಹೆದ್ದಾರಿ, ಬಸ್ಸಿನಲ್ಲಿ ಹೋಗಿ ನೋಡಿ.

ಸೈಕಲ್‌ಗೆ ನಾನು ಹೇಳೋದು ದೊಡ್ಮನೆ ಘಟ್ಟ. ಸಿದ್ದಾಪುರದಿಂದ ಕುಮಟಾ ಕಡೆ ಇಳಿಯೋದು. ರಸ್ತೆ ಕಿರಿದು, ಅಲ್ಲಲ್ಲಿ ಕಿತ್ತುಹೋಗಿದೆ, ಅದೇ ಕಾರಣಕ್ಕೆ ವಾಹನ ಕಡಿಮೆ. ಟೈರು 35 ಮಿ.ಮೀ. ಆದರೂ ಅಗಲ ಇರಲಿ. ಈ ದಾರಿ ಅಘನಾಶಿನಿ ಕಣಿವೆಗೆ ಇಳಿಯುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಸಮುದ್ರ ಸೇರೋವರೆಗೆ ಒಂದೂ ದೊಡ್ಡ ಆಣೆಕಟ್ಟೆ ಇಲ್ಲದ ಹೊಳೆ ಅದು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಆಣೆಕಟ್ಟೆ. ಎರಡೂ ಹೊಳೆ ಪಕ್ಕ ಸೈಕಲ್ ಓಡಿಸಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಕದ್ರಾ ಹಿನ್ನೀರಿಗೆ ಸದ್ದಿಲ್ಲ. ಅಘನಾಶಿನಿ ಡಿಸೆಂಬರಿನಲ್ಲೂ ಕಲ್ಲು ಸಿಕ್ಕಲ್ಲೆಲ್ಲ ಮಾತಾಡುತ್ತದೆ.

ಇನ್ನೊಂದು ವಡ್ಡಿ ಘಟ್ಟ, ಶಿರಸಿಯಿಂದ ಯಾಣದ ಕಡೆ ಇಳಿಯೋದು. ತುಂಬ ಕಡಿದು. ಅನುಭವ ಇದ್ದವರು ಮಾತ್ರ, ಅದೂ ಒಣ ರಸ್ತೆಯಲ್ಲಿ. ಘಟ್ಟದ ಮೇಲಿನ ಭಾಗ ಮಾತ್ರ ಯಾರು ಬೇಕಾದರೂ ಹೋಗಬಹುದು. ಅಡಿಕೆ ತೋಟ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಮತ್ತೆ ಕಾಡು, ಮತ್ತೆ ತೋಟ. ಒಮ್ಮೆ ಆ ಕಡೆ ಒಂದು ಮನೆಯ ಅಂಗಳದ ಬೇಲಿ ಪಕ್ಕ ಪಂಕ್ಚರ್ ಹಾಕುತ್ತಾ ಕೂತಿದ್ದೆ. ಒಳಗಿನಿಂದ ಅಜ್ಜಿಯೊಬ್ಬರು ಬಂದು, ಯಾರು ಏನು ಅಂತ ಕೇಳೋಕೂ ಮೊದಲೇ, 'ತಮಾ, ಆಸ್ರಿಗೆ ಬೇಕನಾ?' ಅಂದರು, ಕುಡಿಯೋಕೆ ಏನಾದರೂ ಬೇಕಾ ಅಂತ. ಮುರುಗಲು ಪಾನಕ, ಮೇಲೆ ಒಂದು ತುಂಡು ಬೆಲ್ಲ. ಈ ರಸ್ತೆಗಳಲ್ಲಿ ಅಂಗಡಿ ಇಲ್ಲ, ಇಂಥ ಮನೆಗಳಿವೆ. ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನರೇ ಅಲ್ವಾ 1983ರ ಸೆಪ್ಟೆಂಬರಿನಲ್ಲಿ ಕಳಸೆ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡ ನಿಂತು ಮರ ಅಪ್ಪಿಕೊಂಡಿದ್ದು. ಅಪ್ಪಿಕೋ ಚಳವಳಿ ಅಲ್ಲಿಂದ ಶುರು. ಇವತ್ತು ಮಧ್ಯಾಹ್ನದಲ್ಲೂ ನಮಗೆ ಆ ಕಡೆ ನೆರಳು ಸಿಗುತ್ತಿದೆ ಅಂದರೆ ಅವರಿಗೆ ನಾವು ಋಣಿಗಳು.

ಕಾಲ ಯಾವುದು? ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಘಟ್ಟಕ್ಕೆ ಸೈಕಲ್ ಬೇಡ. ಫೋಟೋಗಳಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಡಾಂಬರಿನ ಅಂಚಿನಲ್ಲಿ ಹಾವಸೆ ಕಟ್ಟಿರುತ್ತದೆ, ಚಕ್ರ ಇಟ್ಟರೆ ಜಾರಿತು. ಉಂಬಳದ, ಅಂದರೆ ಜಿಗಣೆಯ ಕಾಟ ಬೇರೆ. ಅದಕ್ಕೆ ಸುಣ್ಣ ತಾಗಿಸಿದರೆ ಬಿಡುತ್ತದೆ. ಗುಡ್ಡ ಕುಸಿದರೆ ಯಾವ ಔಷಧಿಯೂ ಇಲ್ಲ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಬಂದು ಬಿದ್ದಿದ್ದು ಚಹಾ ಕುಡಿಯೋಕೆ ನಿಂತವರ ಮೇಲೆ. ಅದನ್ನು ನೋಡಿದ ಮೇಲೂ ಜುಲೈನಲ್ಲಿ ಘಟ್ಟ ಹತ್ತೋಣ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಮಂಗನ ಕಾಯಿಲೆ ಬಗ್ಗೆ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ, ಸಿದ್ದಾಪುರ ಕಡೆ 2024ರಲ್ಲೂ ಬಂದಿತ್ತು. ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳಗಳಿಂದ ಹರಡೋದು. ಚಳಿಗಾಲದಿಂದ ಮಳೆ ಬರೋವರೆಗೆ ಜಾಸ್ತಿ, ಅಂದರೆ ನಮ್ಮ ಸೈಕಲ್ ಕಾಲವೇ. ರಸ್ತೆ ಮೇಲೆ ಹೋಗುವವರಿಗೆ ಅಪಾಯ ಕಡಿಮೆ. ದಣಿವಾಯಿತು ಅಂತ ತರಗೆಲೆ ಮೇಲೆ ಮಲಗೋದು, ಮರದ ಬುಡಕ್ಕೆ ಒರಗೋದು ಮಾಡಬೇಡಿ. ಸೇತುವೆ ಕಟ್ಟೆ ಮೇಲೆ ಕೂರಿ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಒಗೆಯೋಕೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಗೇರ್ ಬಗ್ಗೆ ಜಾಸ್ತಿ ಹೇಳಲ್ಲ. ಮುಂದೆ 34, ಹಿಂದೆ 34 ಹಲ್ಲು ಇದ್ದರೆ ಅಣಶಿ ಕೂತುಕೊಂಡೇ ಹತ್ತಬಹುದು. ಇಲ್ಲದಿದ್ದರೆ ಇಳಿದು ನೂಕಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೊನೆಯಲ್ಲಿ ಒಬ್ಬ ತಾಯಿ ಕೇಳಿದರು, ಮಗಳಿಗೆ ಹತ್ತು ವರ್ಷ, ಸೈಕಲ್ ಅಂದರೆ ಪ್ರಾಣ, ಕಾಡು ತೋರಿಸಬೇಕು, ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ. ಘಟ್ಟ ಈಗ ಬೇಡ ಅಕ್ಕ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಸದಾಶಿವಗಡದವರೆಗೆ ಸೈಕಲ್‌ಗಳನ್ನು ಗಾಡಿಯಲ್ಲಿ ಹಾಕಿಕೊಂಡು ಬನ್ನಿ, ಸೇತುವೆ ಮೇಲೆ ಮಗು ಓಡಿಸೋದು ಬೇಡ. ಅಲ್ಲಿಂದ ಹೊಳೆ ದಂಡೆ ರಸ್ತೆಯಲ್ಲಿ ಅವಳಿಗೆ ಸಾಕು ಅನ್ನಿಸುವಷ್ಟು ದೂರ ಹೋಗಿ, ತಿರುಗಿ ಬನ್ನಿ. ಅವಳನ್ನು ಮುಂದೆ ಬಿಡಿ, ನೀವು ಹಿಂದೆ ಇರಿ. ಮಾತಾಡಿಸಬೇಡಿ. ಮಂಜು ಏಳುವ ಹೊತ್ತಿಗೆ ಎಲ್ಲಾದರೂ ನಿಲ್ಲಿಸಿ, ಎಷ್ಟು ಬೇರೆ ಬೇರೆ ಸದ್ದು ಕೇಳಿದೆ ಅಂತ ಕೇಳಿ ನೋಡಿ. ನಾನು ನನ್ನ ಅಣ್ಣನ ಮಗನನ್ನು ಹಾಗೆ ಕರೆದುಕೊಂಡು ಹೋಗಿದ್ದೆ. ಬೆರಳು ಮಡಚಿ ಎಣಿಸಿ ಹನ್ನೊಂದು ಅಂದ. ನನಗೆ ಕೇಳಿದ್ದು ಏಳು.